ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀ ಅವರ ಅಭಿನಯದಲ್ಲಿ ಗ್ರಾಮೀಣ ಹೆಣ್ಣಿನ ದನಿ

1. ಪ್ರವೇಶ

ಕರ್ನಾಟಕದ ಪ್ರದರ್ಶನ ಕಲೆಗಳ ಚರಿತ್ರೆಯನ್ನು ಬರೆಯುವಾಗ ರಂಗಭೂಮಿ, ಚಲನಚಿತ್ರ ಮತ್ತು ಕಿರುತೆರೆಗಳನ್ನು ಬೇರೆ ಬೇರೆ ಅಧ್ಯಾಯಗಳಾಗಿ ವಿಂಗಡಿಸಿಕೊಳ್ಳುವುದು ವಾಡಿಕೆ. ಅಧ್ಯಯನದ ಅನುಕೂಲಕ್ಕೆ ಇಂತಹ ವಿಂಗಡಣೆ ಅಗತ್ಯವಾದರೂ ಈ ಮೂರು ಮಾಧ್ಯಮಗಳನ್ನೂ ಹಾದುಬಂದ ಕಲಾವಿದರ ವಿಷಯದಲ್ಲಿ ಅದು ಒಂದು ತೊಡಕನ್ನು ಉಂಟುಮಾಡುತ್ತದೆ. ಒಬ್ಬ ನಟಿ ರಂಗದ ಮೇಲೆ ಕಲಿತದ್ದು ಸಿನಿಮಾದಲ್ಲಿ ಯಾವ ರೂಪ ಪಡೆಯಿತು, ಸಿನಿಮಾ ಬಿಟ್ಟುಕೊಟ್ಟದ್ದನ್ನು ಕಿರುತೆರೆ ಎತ್ತಿಕೊಂಡಿತೇ, ಈ ದಾರಿಯಲ್ಲಿ ಏನು ಕಳೆದುಹೋಯಿತು ಎಂಬ ಪ್ರಶ್ನೆಗಳು ಯಾವ ಅಧ್ಯಾಯದಲ್ಲಿಯೂ ಜಾಗ ಪಡೆಯದೆ ಉಳಿದುಬಿಡುತ್ತವೆ.

ಉಮಾಶ್ರೀ ಅವರ ಅರ್ಧಶತಮಾನದಷ್ಟು ದೀರ್ಘವಾದ ಕಲಾಜೀವನವನ್ನು ಕುರಿತ ಬರವಣಿಗೆಯಲ್ಲಿ ಈ ತೊಡಕು ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯವಾಗಿ ಅವರ ಬದುಕನ್ನು ಮೂರು ಘಟ್ಟಗಳಲ್ಲಿ ಹೇಳಲಾಗುತ್ತದೆ. ಮೊದಲನೆಯದು ‘ಒಡಲಾಳ’ದ ಸಾಕವ್ವನಿಂದ ಹೆಸರಾದ ರಂಗಭೂಮಿಯ ಘಟ್ಟ, ಎರಡನೆಯದು ದ್ವಂದ್ವಾರ್ಥದ ಹಾಸ್ಯಪಾತ್ರಗಳಲ್ಲಿ ಕಳೆದ ಸಿನಿಮಾ ಘಟ್ಟ, ಮೂರನೆಯದು ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ದೊರೆತ ರಾಷ್ಟ್ರಪ್ರಶಸ್ತಿಯಿಂದ ಆರಂಭವಾಗಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಮನೆಮಾತಿನವರೆಗೆ ಬರುವ ಮನ್ನಣೆಯ ಘಟ್ಟ. ಈ ಕಥನದ ಪ್ರಕಾರ ಮೊದಲನೆಯದು ಪ್ರತಿಭೆ, ಎರಡನೆಯದು ಪ್ರತಿಭೆಯ ಅಪವ್ಯಯ, ಮೂರನೆಯದು ಅದರ ಪುನರುದ್ಧಾರ.

ಈ ಕಥನ ಸುಳ್ಳೆಂದು ಹೇಳುವಂತಿಲ್ಲ. ಆದರೆ ಇದರ ಒಳಗೆ ಗ್ರಾಮೀಣ ಹೆಣ್ಣಿನ ಮಾತನ್ನು ಕುರಿತ ಒಂದು ಹಳೆಯ ಪೂರ್ವಗ್ರಹ ಅಡಗಿದೆ. ಆ ಮಾತು ಅಳುವಾಗ ಕಲೆಯೆನಿಸುತ್ತದೆ, ನಗುವಾಗ ಅಶ್ಲೀಲವೆನಿಸುತ್ತದೆ ಎಂಬುದೇ ಆ ಪೂರ್ವಗ್ರಹ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಮೂರು ಘಟ್ಟಗಳನ್ನು ಒಂದೇ ದನಿಯ ಮೂರು ಅವಸ್ಥೆಗಳಾಗಿ ಓದುವುದು ಮತ್ತು ಪ್ರತಿಯೊಂದು ಮಾಧ್ಯಮವೂ ಆ ದನಿಯಿಂದ ಯಾವುದನ್ನು ಆರಿಸಿಕೊಂಡಿತು, ಯಾವುದನ್ನು ಬಿಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಸಾಕವ್ವ: ಕಲಿತು ಪಡೆದ ದನಿ

ಉಮಾಶ್ರೀ ಅವರು 1957ರಲ್ಲಿ ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಜನಿಸಿದರು. ಗುಬ್ಬಿ ವೀರಣ್ಣನವರ ಕಂಪನಿಯಿಂದ ವೃತ್ತಿರಂಗಭೂಮಿಯ ನಕ್ಷೆಯಲ್ಲಿ ದೊಡ್ಡ ಹೆಸರು ಪಡೆದ ಜಿಲ್ಲೆ ಅದು. ಆದರೆ ಅವರನ್ನು ರೂಪಿಸಿದ್ದು ವೃತ್ತಿ ಕಂಪನಿಗಳಿಗಿಂತ ಹೆಚ್ಚಾಗಿ ಬೆಂಗಳೂರಿನ ಹವ್ಯಾಸಿ ರಂಗಭೂಮಿ. 1970ರ ದಶಕದ ಉತ್ತರಾರ್ಧ ಮತ್ತು 1980ರ ದಶಕದಲ್ಲಿ ಈ ರಂಗಭೂಮಿ ಎರಡು ದಿಕ್ಕುಗಳಲ್ಲಿ ಚಲಿಸುತ್ತಿತ್ತು. ಒಂದೆಡೆ ಬಿ.ವಿ. ಕಾರಂತರ ಪ್ರಭಾವದಿಂದ ಜಾನಪದ ರಂಗರೂಪಗಳ ಹಾಡು, ಕುಣಿತ, ಹಿಮ್ಮೇಳಗಳು ನಗರದ ರಂಗಮಂದಿರಗಳನ್ನು ಪ್ರವೇಶಿಸಿದ್ದವು. ಇನ್ನೊಂದೆಡೆ ದಲಿತ ಮತ್ತು ಬಂಡಾಯ ಚಳುವಳಿಗಳ ಒತ್ತಾಸೆಯಿಂದ ಹಸಿವು, ಜಾತಿ, ದಬ್ಬಾಳಿಕೆಗಳ ವಸ್ತು ರಂಗಕ್ಕೂ ಬೀದಿಗೂ ಬಂದಿತ್ತು. ಈ ಎರಡು ದಿಕ್ಕುಗಳು ಒಂದೆಡೆ ಕೂಡಿದ ಪ್ರಯೋಗವೆಂದು ‘ಒಡಲಾಳ’ವನ್ನು ಗುರುತಿಸಬಹುದು.

ದೇವನೂರ ಮಹಾದೇವ ಅವರ ಈ ಕಿರುಕಾದಂಬರಿಯನ್ನು ಸಿ.ಜಿ. ಕೃಷ್ಣಸ್ವಾಮಿ ಅವರು ರಂಗಕ್ಕೆ ತಂದಾಗ ಸಾಕವ್ವನ ಪಾತ್ರವನ್ನು ಉಮಾಶ್ರೀ ನಿರ್ವಹಿಸಿದರು. ಕಥೆ ಆರಂಭವಾಗುವುದು ಕಳೆದುಹೋದ ಒಂದು ಹುಂಜದಿಂದ. ಅದನ್ನು ಹುಡುಕುತ್ತಾ ಕೇರಿಯನ್ನೆಲ್ಲ ಅಲೆಯುವ ಮುದುಕಿ, ಒಂದೇ ಸೂರಿನಡಿ ಜಗಳವಾಡುತ್ತಲೇ ಬದುಕುವ ಅವಳ ಮಕ್ಕಳು ಮೊಮ್ಮಕ್ಕಳು, ಸಾಹುಕಾರ ಎತ್ತಪ್ಪನಲ್ಲಿಂದ ಬಂದ ಕಡಲೆಕಾಯಿ ಮೂಟೆ, ಇಡೀ ಮನೆ ಬೆಂಕಿಯ ಸುತ್ತ ಕುಳಿತು ಅದನ್ನು ತಿಂದು ಮುಗಿಸುವ ರಾತ್ರಿ, ಮರುದಿನ ಬರುವ ಪೊಲೀಸರು ಎಂಬಷ್ಟರಲ್ಲಿ ಕಥೆಯ ಹೊರಮೈ ಮುಗಿಯುತ್ತದೆ. ಅದರ ಒಳಗೆ ಹರಿಯುವುದು ಸಾಕವ್ವನ ಮಾತು.

ಜಾನಪದ ವಿದ್ವಾಂಸರು ಗಮನಿಸಬೇಕಾದ ಅಂಶವೆಂದರೆ ಈ ಮಾತಿಗೆ ಮೌಖಿಕ ಪರಂಪರೆಯಲ್ಲಿ ಖಚಿತವಾದ ಪ್ರಕಾರಗಳಿವೆ. ಕೋಳಿ ಕಳೆದುಕೊಂಡ ಹೆಂಗಸು ಬೀದಿಯಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕುವುದು ದಕ್ಷಿಣ ಕರ್ನಾಟಕದ ಹಳ್ಳಿಗಳಿಗೆ ಅಪರಿಚಿತವಲ್ಲ. ಆ ಶಾಪಕ್ಕೆ ಒಂದು ಲಯವಿದೆ, ಏರಿಳಿತವಿದೆ, ಕೇಳುವವರಿದ್ದಾರೆಂಬ ಅರಿವಿದೆ. ಕದ್ದವನ ಹೆಸರನ್ನು ಹೇಳದೆಯೇ ಅವನಿಗೆ ಮುಟ್ಟಿಸುವ ಜಾಣ್ಮೆಯೂ ಇದೆ. ಬೈಗುಳ, ಹಾಡಿಕೊಂಡು ಅಳುವುದು, ದೇವರನ್ನೇ ನಿಲ್ಲಿಸಿ ನ್ಯಾಯ ಕೇಳುವುದು, ಮೊಮ್ಮಕ್ಕಳಿಗೆ ಕಥೆ ಹೇಳುವುದು ಇವೆಲ್ಲವೂ ಬೇರೆ ಬೇರೆ ಉಕ್ತಿ ಪ್ರಕಾರಗಳು. ಸಾಕವ್ವನ ಪಾತ್ರ ನಟಿಯಿಂದ ಬೇಡುವುದು ಒಂದು ಭಾವವನ್ನು ಮಾತ್ರವಲ್ಲ. ಇಷ್ಟು ಪ್ರಕಾರಗಳ ನಡುವೆ ಕ್ಷಣಮಾತ್ರದಲ್ಲಿ ದಾಟಬಲ್ಲ ಕಂಠವನ್ನು, ಆ ಕಂಠಕ್ಕೆ ತಕ್ಕ ಬಾಗಿದ ಆದರೆ ಸೋಲದ ಮೈಯನ್ನು. ಇನ್ನೂ ಯೌವನದಲ್ಲಿದ್ದ ನಟಿಯೊಬ್ಬರು ಈ ಮುದುಕಿಯ ಮೂಲಕವೇ ನಾಡಿನಾದ್ಯಂತ ಪರಿಚಿತರಾದರೆಂಬುದು ಕನ್ನಡ ರಂಗಭೂಮಿಯ ಗಮನಾರ್ಹ ಸಂಗತಿಗಳಲ್ಲೊಂದು.

ಈ ಅಭಿನಯವನ್ನು ಮೆಚ್ಚುವಾಗ ಬಳಕೆಯಾಗುವ ಪದ ‘ಸಹಜ’. ಹಳ್ಳಿಯ ಹೆಣ್ಣುಮಗಳಾದ್ದರಿಂದ ಹಳ್ಳಿಯ ಪಾತ್ರ ಅವರಿಗೆ ಸಹಜವಾಗಿ ಒಲಿಯಿತು ಎಂಬುದು ಇದರ ಇಂಗಿತ. ಈ ಮೆಚ್ಚುಗೆಯನ್ನು ಪರೀಕ್ಷಿಸಬೇಕಾಗಿದೆ. ತಿಪಟೂರು ಸೀಮೆಯ ಕನ್ನಡವೇ ಬೇರೆ, ಮೈಸೂರು ಜಿಲ್ಲೆಯ ನಂಜನಗೂಡು ಸೀಮೆಯ ದಲಿತ ಕೇರಿಯ ಕನ್ನಡವೇ ಬೇರೆ. ಕ್ರಿಯಾಪದದ ರೂಪ, ಸ್ವರದ ಎಳೆತ, ಸಂಬೋಧನೆ ಎಲ್ಲದರಲ್ಲಿಯೂ ವ್ಯತ್ಯಾಸವಿದೆ. ನಗರದ ಪ್ರೇಕ್ಷಕನಿಗೆ ಇವೆಲ್ಲವೂ ‘ಹಳ್ಳಿಯ ಭಾಷೆ’ಯಾಗಿ ಒಂದೇ ತೆರನಾಗಿ ಕೇಳಿಸಬಹುದು. ಆದರೆ ನಟಿಗೆ ಅದು ಕಿವಿಯಿಂದ ಕಲಿತು, ನಾಲಿಗೆಯ ಮೇಲೆ ಕೂರಿಸಿಕೊಳ್ಳಬೇಕಾದ ಇನ್ನೊಂದು ನುಡಿ. ಜನಪದ ಕಲಾವಿದರನ್ನು ‘ಹುಟ್ಟು ಕಲಾವಿದ’ರೆಂದು ಹೊಗಳಿ ಅವರ ಗುರುಪರಂಪರೆಯನ್ನೂ ವರ್ಷಗಟ್ಟಲೆಯ ಅಭ್ಯಾಸವನ್ನೂ ಮರೆಸುವ ರೂಢಿ ನಮ್ಮ ಕ್ಷೇತ್ರದಲ್ಲಿಯೂ ದೀರ್ಘಕಾಲ ಇತ್ತು. ನೀಲಗಾರನೊಬ್ಬ ಮಂಟೇಸ್ವಾಮಿ ಕಾವ್ಯವನ್ನು ಕಟ್ಟಿ ಹಾಡುವುದರ ಹಿಂದೆ ಎಷ್ಟು ಕಲಿಕೆಯಿದೆಯೆಂಬುದನ್ನು ಕ್ಷೇತ್ರಕಾರ್ಯ ತೋರಿಸಿಕೊಟ್ಟ ಮೇಲೆ ಆ ಹೊಗಳಿಕೆಯ ಪೊಳ್ಳುತನ ಬಯಲಾಯಿತು. ಉಮಾಶ್ರೀ ಅವರ ಅಭಿನಯಕ್ಕೆ ಹಚ್ಚುವ ‘ಸಹಜ’ ಎಂಬ ವಿಶೇಷಣವೂ ಅದೇ ಜಾತಿಯದು. ಅದು ಗೌರವದ ಮಾತಾಗಿ ಕಂಡರೂ ಕಲಾವಿದೆಯ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

3. ನಗೆಯ ವರ್ಷಗಳು: ಬಿಟ್ಟುಬಿಟ್ಟ ಅಧ್ಯಾಯ

1984ರಲ್ಲಿ ಬಿಡುಗಡೆಯಾದ ಕಾಶೀನಾಥ್ ನಿರ್ದೇಶನದ ‘ಅನುಭವ’ ಚಿತ್ರ ಉಮಾಶ್ರೀ ಅವರಿಗೆ ಸಿನಿಮಾ ಪ್ರೇಕ್ಷಕರಲ್ಲಿ ವ್ಯಾಪಕ ಪರಿಚಯ ತಂದಿತು. ಬಾಲ್ಯವಿವಾಹದ ವಸ್ತುವನ್ನು ದಿಟ್ಟವಾಗಿ ನಿರೂಪಿಸಿದ ಈ ಚಿತ್ರದಲ್ಲಿ ಅವರದು ಪದ್ಮಿಯೆಂಬ ಹಳ್ಳಿಯ ಹೆಣ್ಣಿನ ಪಾತ್ರ. ಕಾಮವನ್ನು ಕುರಿತು ಊರು ಗುಟ್ಟಾಗಿ ಆಡಿಕೊಳ್ಳುವುದನ್ನು ಬಯಲಿನಲ್ಲಿ ನಿಲ್ಲಿಸುವ ಪಾತ್ರವದು. ಚಿತ್ರರಂಗ ಈ ಪಾತ್ರದಿಂದ ಒಂದು ಅಚ್ಚನ್ನು ತೆಗೆದುಕೊಂಡಿತು. ಮುಂದಿನ ಒಂದು ದಶಕಕ್ಕೂ ಹೆಚ್ಚು ಕಾಲ ಎನ್.ಎಸ್. ರಾವ್ ಮೊದಲಾದ ಹಾಸ್ಯನಟರ ಜೊತೆಗೆ ಅವರನ್ನು ಜೋಡಿಯಾಗಿಸಿ ದ್ವಂದ್ವಾರ್ಥದ ಸಂಭಾಷಣೆಗಳನ್ನು ಆಡಿಸಲಾಯಿತು. ಮುಖ್ಯ ಕಥೆಗೆ ಸಂಬಂಧವೇ ಇಲ್ಲದ ಬಿಡಿ ಹಾಸ್ಯದೃಶ್ಯಗಳಲ್ಲಿ ಈ ಜೋಡಿಗಳು ಬಂದು ಹೋಗುತ್ತಿದ್ದವು.

ವಿಮರ್ಶೆ ಈ ವರ್ಷಗಳನ್ನು ಮೌನದಿಂದ ದಾಟಿದೆ. ಆದರೆ ಈ ಮೌನಕ್ಕೂ ಕನ್ನಡ ಜಾನಪದ ಸಂಗ್ರಹದ ಚರಿತ್ರೆಗೂ ಒಂದು ಹೋಲಿಕೆಯಿದೆ. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಜನಪದ ಗೀತೆಗಳಿಗೆ ಸಾಹಿತ್ಯಲೋಕದಲ್ಲಿ ಮಾನ್ಯತೆ ತಂದುಕೊಟ್ಟ ಸಂಕಲನ. ಅದರ ಸ್ಥಾನ ಪ್ರಶ್ನಾತೀತ. ಆದರೆ ಅದರ ಶೀರ್ಷಿಕೆಯಲ್ಲಿಯೇ ಒಂದು ಆಯ್ಕೆ ಇದೆ. ತವರನ್ನು ನೆನೆಯುವ, ಗಂಡನನ್ನು ಹರಸುವ, ತೊಟ್ಟಿಲು ತೂಗುವ ಗರತಿ ನಮ್ಮ ಜನಪದ ಗೀತೆಯ ಆದರ್ಶ ಗಾಯಕಿಯಾದಳು. ಅದೇ ಗರತಿ ಮದುವೆಯ ಮನೆಯಲ್ಲಿ ಬೀಗಿತ್ತಿಯನ್ನು ನಿಲ್ಲಿಸಿಕೊಂಡು ಹಾಡುವ ಬೀಗರ ಹಾಡುಗಳು, ಉರುಟಣೆಯ ಹೊತ್ತಿನ ಚೇಷ್ಟೆಯ ಮಾತುಗಳು, ಗದ್ದೆಯ ಕೆಲಸದ ನಡುವೆ ಹೆಂಗಸರಷ್ಟೇ ಕೇಳುವಂತೆ ಹರಿದಾಡುವ ಒಗಟುಗಳು ಬಹುಕಾಲ ಸಂಗ್ರಹದ ಅಂಚಿನಲ್ಲಿಯೇ ಉಳಿದವು. ಅವುಗಳಲ್ಲಿ ಮೈಯ ಅರಿವಿದೆ, ಗಂಡಸಿನ ಬಲಹೀನತೆಯ ಬಗ್ಗೆ ನಿರ್ದಾಕ್ಷಿಣ್ಯ ತಿಳಿವಳಿಕೆಯಿದೆ, ಅತ್ತೆಮನೆಯ ಅಧಿಕಾರವನ್ನು ಒಂದು ರಾತ್ರಿಯ ಮಟ್ಟಿಗೆ ಕೆಳಗಿಳಿಸುವ ನಗುವಿದೆ. ಹೀಗೆ ಒಂದೇ ಬಾಯಿಂದ ಬಂದ ಎರಡು ದನಿಗಳಲ್ಲಿ ಒಂದನ್ನು ಪುಸ್ತಕಕ್ಕೆ ಸೇರಿಸಿ ಇನ್ನೊಂದನ್ನು ಬಿಟ್ಟ ರೂಢಿಯೇ ಮುಂದೆ ಸಾಕವ್ವನನ್ನು ಸ್ವೀಕರಿಸಿ ಹಾಸ್ಯದ ಉಮಾಶ್ರೀಯನ್ನು ತಳ್ಳಿಹಾಕುವ ವಿಮರ್ಶೆಯಾಗಿ ಮುಂದುವರಿದಿದೆ.

ಹಾಗೆಂದು ಆ ಹಾಸ್ಯದೃಶ್ಯಗಳನ್ನೆಲ್ಲ ಜಾನಪದದ ಹೆಸರಿನಲ್ಲಿ ಸಮರ್ಥಿಸುವುದೂ ಸರಿಯಾಗದು. ಬೀಗರ ಹಾಡಿಗೆ ಮೂರು ಕಟ್ಟುಪಾಡುಗಳಿವೆ. ಹಾಡುವವಳು ಹೆಣ್ಣು, ಮುಖ್ಯವಾಗಿ ಕೇಳುವವರೂ ಹೆಣ್ಣುಗಳು, ಹಾಡುವ ಸಂದರ್ಭ ಮದುವೆಯಂತಹ ಆಚರಣೆ ಕೊಟ್ಟ ಅನುಮತಿಯೊಳಗಿನದು. ಸಿನಿಮಾ ಈ ಮೂರನ್ನೂ ತೆಗೆದುಹಾಕಿತು. ಮಾತನ್ನು ಬರೆದವನು ಗಂಡಸು, ಚಿತ್ರೀಕರಿಸಿದವನು ಗಂಡಸು, ಟಿಕೆಟ್ ಕೊಂಡು ಕುಳಿತವನು ಬಹುಪಾಲು ಗಂಡಸು. ಗಂಡಸಿನ ಮೇಲೆ ಹೆಣ್ಣುಗಳು ನಗುತ್ತಿದ್ದ ನಗು ಹೆಣ್ಣಿನ ಮೈಯ ಮೇಲೆ ಗಂಡಸರು ನಗುವ ನಗುವಾಗಿ ತಿರುಗಿತು. ಮಾತಿನ ರೂಪ ಉಳಿದು ಅದರ ದಿಕ್ಕು ಬದಲಾಯಿತು. ಈ ದೃಶ್ಯಗಳ ಬಗೆಗಿನ ಆಕ್ಷೇಪ ಅಶ್ಲೀಲತೆಯ ನೆಲೆಗಿಂತ ಈ ದಿಕ್ಕುಬದಲಿನ ನೆಲೆಯಲ್ಲಿ ಹೆಚ್ಚು ಸಾಧುವಾದುದು.

ಇಷ್ಟಾಗಿಯೂ ಅಭಿನಯದ ದೃಷ್ಟಿಯಿಂದ ಈ ಅವಧಿಯನ್ನು ಶೂನ್ಯವೆಂದು ಬಗೆಯಲಾಗದು. ಎದುರಾಳಿಯ ಮಾತು ಮುಗಿಯುವ ಮೊದಲೇ ಅದನ್ನು ಹಿಡಿದು ತಿರುಗಿಸುವ ಚುರುಕು, ಪ್ರೇಕ್ಷಕ ನಗಲೆಂದು ಕೊಡುವ ಬಿಡುವು, ಕಣ್ಣಿನಲ್ಲಿಯೇ ಮಾತನ್ನು ಮುಗಿಸುವ ಕ್ರಮ ಇವು ರಂಗದ ಮೇಲೆ ಪಳಗಿದವರಿಗೆ ಮಾತ್ರ ಒದಗುವಂತಹವು. ಇದಕ್ಕಿಂತ ಮುಖ್ಯವಾಗಿ ‘ಅಪವ್ಯಯದ ಕಾಲ’ವೆಂದು ಕರೆಯಲಾಗುವ ಅದೇ ವರ್ಷಗಳಲ್ಲಿ 1994ರ ‘ಕೊಟ್ರೇಶಿ ಕನಸು’ ಇದೆ, 1995ರ ‘ಪುಟ್ನಂಜ’ ಇದೆ. ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ಮೊದಲನೆಯ ಚಿತ್ರ ಓದಲು ಹಂಬಲಿಸುವ ದಲಿತ ಬಾಲಕನ ಕಥೆ. ವಿ. ರವಿಚಂದ್ರನ್ ನಿರ್ದೇಶಿಸಿ ನಟಿಸಿದ ಎರಡನೆಯದು ಪಕ್ಕಾ ಜನಪ್ರಿಯ ಚಿತ್ರ. ಅದರಲ್ಲಿನ ಪುಟ್ಮಲ್ಲಿ ಎಂಬ ಅಜ್ಜಿಯ ಪಾತ್ರದಲ್ಲಿ ಸಾಕವ್ವನ ಬಾಗಿದ ಮೈಯೂ ಹಾಸ್ಯಪಾತ್ರಗಳ ಹರಿತ ನಾಲಿಗೆಯೂ ಒಂದಾಗಿವೆ. ನಾಯಕನಿಗೆ ಸಮನಾಗಿ ಅಜ್ಜಿಯೊಬ್ಬಳನ್ನು ಪ್ರೇಕ್ಷಕರು ನೆನಪಿಟ್ಟುಕೊಂಡ ಅಪರೂಪದ ನಿದರ್ಶನವದು. ರಂಗಭೂಮಿಯ ಘಟ್ಟ ಮುಗಿದು ಹಾಸ್ಯದ ಘಟ್ಟ ಆರಂಭವಾಯಿತೆಂಬ ಗೆರೆಯನ್ನು ಈ ಒಂದು ಪಾತ್ರವೇ ಅಳಿಸಿಹಾಕುತ್ತದೆ.

4. ಗುಲಾಬಿ: ಮಾತು ಹಿಂದೆ ಸರಿದಾಗ

ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ 2008ರ ಚಿತ್ರ. ಇದರ ಅಭಿನಯಕ್ಕಾಗಿ ಉಮಾಶ್ರೀ ಅವರಿಗೆ 55ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ದೊರೆಯಿತು. ವೈದೇಹಿ ಅವರ ಕಥೆಯಲ್ಲಿ ಗುಲಾಬಿ ಸಣ್ಣ ಊರಿನ ಚಿತ್ರಮಂದಿರದ ಹೆಂಗಸರ ಬಾಗಿಲು ಕಾಯುವವಳು. ಚಿತ್ರದಲ್ಲಿ ಅವಳು ಕರಾವಳಿಯ ಮೀನುಗಾರರ ಕುದ್ರುವಿನಲ್ಲಿ ಒಂಟಿಯಾಗಿ ಬದುಕುವ ಮುಸ್ಲಿಂ ಸೂಲಗಿತ್ತಿ. ಗಂಡ ಮೂಸ ಇನ್ನೊಂದು ಮದುವೆಯಾಗಿ ಬೇರೆ ಸಂಸಾರ ಹೂಡಿದ್ದಾನೆ. ಸಿನಿಮಾ ನೋಡುವುದೊಂದೇ ಅವಳ ಹುಚ್ಚು. ಹೆರಿಗೆ ಮಾಡಿಸಿದ ಋಣಕ್ಕೆ ಒಂದು ಕುಟುಂಬ ಅವಳಿಗೆ ಬಣ್ಣದ ಟಿವಿಯನ್ನೂ ಡಿಶ್ ಆಂಟೆನಾವನ್ನೂ ಕೊಡುತ್ತದೆ. ಗಂಡಸರು ಕಡಲಿಗೆ ಹೋದ ಮೇಲೆ ಹೆಂಗಸರು ಅವಳ ಗುಡಿಸಿಲಲ್ಲಿ ಸೇರತೊಡಗುತ್ತಾರೆ. ಕಾರ್ಗಿಲ್ ಯುದ್ಧದ ಕಾಲದ ಕೋಮು ಬಿಗುವಿನಲ್ಲಿ, ನೇತ್ರು ಎಂಬ ಯುವತಿ ಕಾಣೆಯಾದಾಗ ಆಪಾದನೆ ಗುಲಾಬಿಯ ಮೇಲೆ ಬರುತ್ತದೆ. ಕೊನೆಗೆ ಅವಳನ್ನು ಬಲವಂತದಿಂದ ಊರು ಬಿಡಿಸಲಾಗುತ್ತದೆ.

ಈ ಪಾತ್ರಕ್ಕೂ ಹಿಂದಿನ ಪಾತ್ರಗಳಿಗೂ ಇರುವ ಮೊದಲ ವ್ಯತ್ಯಾಸ ಮಾತಿನ ಪ್ರಮಾಣದ್ದು. ಸಾಕವ್ವ ಮಾತಿನಿಂದ ಜಗತ್ತನ್ನು ಎದುರಿಸಿದವಳು. ಗುಲಾಬಿ ನೋಟದಿಂದ ಜಗತ್ತನ್ನು ಸವಿಯುವವಳು. ಅವಳಾಡುವುದು ಕುಂದಾಪುರ ಕಡೆಯ ಕನ್ನಡ. ಉಮಾಶ್ರೀ ಅವರು ಹೊಸದಾಗಿ ಕಲಿಯಬೇಕಾದ ಇನ್ನೊಂದು ನುಡಿ. ಎರಡು ವರ್ಷಗಳ ತರುವಾಯ ಬಂದ, ಅಮರೇಶ ನುಗಡೋಣಿ ಅವರ ಕಥೆಯನ್ನಾಧರಿಸಿದ ‘ಕನಸೆಂಬೋ ಕುದುರೆಯನೇರಿ’ (2010) ಚಿತ್ರದಲ್ಲಿ ಅವರು ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಗುಂಡಿ ತೋಡುವವನ ಹೆಂಡತಿ ರುದ್ರಿಯಾದರು. ನಂಜನಗೂಡು, ಕುಂದಾಪುರ, ಉತ್ತರ ಕರ್ನಾಟಕ ಹೀಗೆ ಕನ್ನಡದ ಮೂರು ದೂರದೂರದ ಉಪಭಾಷಾ ವಲಯಗಳಲ್ಲಿ ಒಂದೇ ನಟಿ ನೆಲೆಯೂರಿದ್ದು ‘ಸಹಜ’ ಎಂಬ ವಿವರಣೆಗೆ ನಿಲುಕುವ ಮಾತಲ್ಲ.

ಎರಡನೆಯ ವ್ಯತ್ಯಾಸ ನಗೆಗೆ ಸಂಬಂಧಿಸಿದುದು. ಗುಲಾಬಿಯ ಗುಡಿಸಿಲಲ್ಲಿ ಸೇರುವ ಹೆಂಗಸರ ಗುಂಪನ್ನು ಗಮನಿಸಬೇಕು. ಗಂಡಸರಿಲ್ಲದ ಹೊತ್ತು, ಹೆಂಗಸರೇ ನೋಡುವವರು, ಹೆಂಗಸರೇ ಆಡಿಕೊಳ್ಳುವವರು. ಸಿನಿಮಾದ ಹಾಸ್ಯದೃಶ್ಯಗಳು ಕಿತ್ತುಹಾಕಿದ್ದ ಹೆಣ್ಣುಗಳ ಕೂಟವನ್ನು ಈ ಚಿತ್ರ ಮರಳಿ ಕಟ್ಟಿಕೊಟ್ಟಿದೆ. ಇಲ್ಲಿ ಉಮಾಶ್ರೀ ಅವರ ನಗು ಮತ್ತೆ ತನ್ನ ಜಾಗವನ್ನು ಪಡೆಯುತ್ತದೆ. ಹೀಗಾಗಿ ಈ ಪ್ರಶಸ್ತಿಯನ್ನು ಹಾಸ್ಯದಿಂದ ಬಿಡುಗಡೆ ಪಡೆದ ನಟಿಗೆ ದೊರೆತ ಮನ್ನಣೆಯೆಂದು ಓದುವುದಕ್ಕಿಂತ, ನಗೆಯೂ ಮೌನವೂ ಒಂದೇ ಮೈಯಲ್ಲಿ ಕೂಡಿದುದಕ್ಕೆ ಸಂದ ಮನ್ನಣೆಯೆಂದು ಓದುವುದು ಉಚಿತ.

ಈ ಚಿತ್ರದ ವಸ್ತುವೇ ಟಿವಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಗುಡಿಸಿಲಿಗೆ ಬಂದ ಪೆಟ್ಟಿಗೆ ಹೆಂಗಸರನ್ನು ಕೂಡಿಸುತ್ತದೆ, ಆದರೆ ಆ ಕೂಟವನ್ನು ಕಾಪಾಡುವ ಶಕ್ತಿ ಅದಕ್ಕಿಲ್ಲ. ಗುಲಾಬಿ ಊರು ಬಿಟ್ಟ ಮೇಲೆ, ಅಲ್ಲಿಯವರೆಗೆ ಅವಳ ಮನೆಯ ಹೊಸ್ತಿಲು ತುಳಿಯದಿದ್ದ ಮುದುಕಿಯರು ಟಿವಿ ನೋಡಲು ಒಳಗೆ ಬರುತ್ತಾರೆ. ಮನೆಯೊಡತಿ ಇಲ್ಲ, ಪೆಟ್ಟಿಗೆ ಇದೆ. ಮುಂದೆ ಅದೇ ಪೆಟ್ಟಿಗೆಯೊಳಗೆ ಪ್ರತಿದಿನ ಕಾಣಿಸಿಕೊಳ್ಳಲಿದ್ದ ನಟಿ ಈ ಪಾತ್ರವನ್ನು ಮೊದಲೇ ನಿರ್ವಹಿಸಿದ್ದರೆಂಬುದು ಅರ್ಥಪೂರ್ಣ ಆಕಸ್ಮಿಕ.

5. ಪುಟ್ಟಕ್ಕ: ದಿನನಿತ್ಯದ ಕಥನ

ಉಮಾಶ್ರೀ ಅವರು ಈ ಮೊದಲೂ ಕಿರುತೆರೆಯಲ್ಲಿ ನಟಿಸಿದ್ದುಂಟು. ಆದರೆ 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾದ, ಆರೂರು ಜಗದೀಶ್ ನಿರ್ದೇಶನದ ‘ಪುಟ್ಟಕ್ಕನ ಮಕ್ಕಳು’ ಅವರನ್ನು ಹೊಸ ತಲೆಮಾರಿನ ಮನೆಗಳಿಗೆ ತಲುಪಿಸಿತು. ನಡುವೆ 2013ರಿಂದ 2018ರವರೆಗೆ ಅವರು ತೇರದಾಳ ಕ್ಷೇತ್ರದ ಶಾಸಕರಾಗಿದ್ದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವರಾಗಿ ಕಾರ್ಯನಿರ್ವಹಿಸಿದ್ದರು. ಅರವತ್ತು ದಾಟಿದ, ಸಚಿವ ಸ್ಥಾನವನ್ನು ಕಂಡುಬಂದ ನಟಿಯೊಬ್ಬರು ದಿನವಹಿ ಧಾರಾವಾಹಿಯ ಕೇಂದ್ರಪಾತ್ರವಾಗಿ ಮರಳಿದ್ದು ಕನ್ನಡ ಕಿರುತೆರೆಯಲ್ಲಿ ಅಪೂರ್ವ ಘಟನೆ. ಆರಂಭದ ವಾರಗಳಿಂದಲೇ ಧಾರಾವಾಹಿ ವೀಕ್ಷಕರ ಲೆಕ್ಕದಲ್ಲಿ ಮುಂಚೂಣಿಗೆ ಬಂದಿತು.

ಪುಟ್ಟಕ್ಕನದು ಮೂರೂ ಹೆಣ್ಣುಮಕ್ಕಳನ್ನೇ ಹೆತ್ತಳೆಂಬ ಕಾರಣಕ್ಕೆ ಗಂಡ ಬಿಟ್ಟ ಹೆಣ್ಣಿನ ಕಥೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ. ಈಕೆ ಸಣ್ಣದೊಂದು ಮೆಸ್ ನಡೆಸಿ ಮಕ್ಕಳನ್ನು ಸಾಕುತ್ತಾಳೆ. ಕಥೆಯ ಮೂಲ ತೆಲುಗಿನ ‘ರಾಧಮ್ಮ ಕೂತುರು’ ಧಾರಾವಾಹಿ. ಒಂದು ಭಾಷೆಯಲ್ಲಿ ಗೆದ್ದ ಕಥೆಯನ್ನು ನೆರೆಯ ಭಾಷೆಗಳಿಗೆ ಒಗ್ಗಿಸುವುದು ಇಂದಿನ ವಾಹಿನಿಗಳ ಸಾಮಾನ್ಯ ಪದ್ಧತಿ. ಜನಪದ ಕಥೆಯ ಆಶಯಗಳು ಭಾಷೆಯಿಂದ ಭಾಷೆಗೆ ಅಲೆದು ಆಯಾ ನೆಲದ ವಿವರಗಳಿಂದ ಹೊಸ ಪಾಠಾಂತರ ಪಡೆಯುವುದಕ್ಕೂ ಇದಕ್ಕೂ ಮೇಲ್ನೋಟದ ಸಾಮ್ಯವಿದೆ. ಇಲ್ಲಿ ಪಾಠಾಂತರವನ್ನು ಸಾಧಿಸಿಕೊಡುವ ಹೊಣೆಯ ಬಹುಭಾಗ ನಟಿಯ ನುಡಿ ಮತ್ತು ಮೈಯ ಮೇಲೆ ಬಿದ್ದಿದೆ. ಸೆರಗು ಸಿಕ್ಕಿಸಿ ಬಡಿಸುವುದು, ಮಾತಾಡುತ್ತಲೇ ಕೈಕೆಲಸ ಮುಂದುವರಿಸುವುದು ಇಂತಹ ದುಡಿಯುವ ಹೆಣ್ಣಿನ ಚರ್ಯೆಗಳಿಂದ ಪುಟ್ಟಕ್ಕ ಕನ್ನಡದವಳಾಗುತ್ತಾಳೆ.

ದಿನವಹಿ ಧಾರಾವಾಹಿಯ ಕಥನಕ್ರಮವನ್ನು ಮೌಖಿಕ ಮಹಾಕಾವ್ಯಗಳ ಕ್ರಮದೊಂದಿಗೆ ಹೋಲಿಸುವುದು ಜಾನಪದ ಅಧ್ಯಯನಕ್ಕೆ ಸ್ವಾಭಾವಿಕ. ಎರಡರಲ್ಲಿಯೂ ಪುನರಾವರ್ತನೆ ಇದೆ, ಸಿದ್ಧಸೂತ್ರಗಳಿವೆ, ಹಿಂದಿನ ಕಥೆಯ ಜ್ಞಾಪನೆ ಇದೆ, ಅಂತ್ಯವನ್ನು ಮುಂದೂಡುವ ಉಪಾಯಗಳಿವೆ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ರಾತ್ರಿಯಿಡೀ ಕಥೆ ಮಾಡುವ ನೀಲಗಾರನಿಗೆ ಕೇಳುಗರ ಮುಖ ಕಾಣುತ್ತದೆ. ಅವರು ತೂಕಡಿಸಿದರೆ ಹಾಡು ಬದಲಾಗುತ್ತದೆ, ಕಣ್ಣೀರಿಟ್ಟರೆ ಆ ಭಾಗ ಬೆಳೆಯುತ್ತದೆ. ಧಾರಾವಾಹಿಯ ತಂಡಕ್ಕೆ ಕಾಣುವುದು ವಾರಕ್ಕೊಮ್ಮೆ ಬರುವ ಅಂಕಿ. ಆ ಅಂಕಿಗೆ ತಕ್ಕಂತೆ ಪಾತ್ರಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಕೆಲವೊಮ್ಮೆ ಸಾಯುತ್ತವೆ. ಕಲಾವಿದೆಗೆ ಪ್ರೇಕ್ಷಕರೊಡನೆ ನೇರ ಸಂವಾದದ ಅವಕಾಶವೇ ಇಲ್ಲ. ಇದರ ಜೊತೆಗೆ ಕಿರುತೆರೆಯ ಕ್ಯಾಮೆರಾ ಮುಖವನ್ನು ಹೆಚ್ಚು ನೆಚ್ಚುತ್ತದೆ. ಒಂದು ಮಾತಿಗೆ ನಾಲ್ಕು ಮುಖಗಳ ಪ್ರತಿಕ್ರಿಯೆಯನ್ನು ಹಿನ್ನೆಲೆ ಸಂಗೀತದೊಂದಿಗೆ ತೋರಿಸುವ ಕ್ರಮದಲ್ಲಿ ರಂಗದ ಮೇಲೆ ಇಡಿಯಾಗಿ ನಿಂತು ಮಾತಾಡುತ್ತಿದ್ದ ಮೈ ತುಂಡಾಗುತ್ತದೆ.

ಇದಕ್ಕಿಂತಲೂ ಗಂಭೀರವಾದುದು ವಸ್ತುವಿನ ಸಂಕೋಚ. ಗುಲಾಬಿ ಮತ್ತು ಪುಟ್ಟಕ್ಕ ಇಬ್ಬರೂ ಗಂಡ ಎರಡನೆಯ ಮದುವೆಯಾದುದರಿಂದ ಒಂಟಿಯಾದವರು. ಒಂದೇ ಆಶಯವನ್ನು ಎರಡು ಮಾಧ್ಯಮಗಳು ನಡೆಸಿಕೊಂಡ ಬಗೆ ವಿಮರ್ಶೆಗೆ ಒಳ್ಳೆಯ ಒರೆಗಲ್ಲು. ಚಿತ್ರದಲ್ಲಿ ಗುಲಾಬಿಯ ಒಂಟಿತನಕ್ಕೆ ಗಂಡನೊಬ್ಬನೇ ಕಾರಣನಲ್ಲ. ಧರ್ಮ, ದೋಣಿ ಮಾಲೀಕರ ಪೈಪೋಟಿ, ಊರಿನ ರಾಜಕೀಯ ಎಲ್ಲವೂ ಅವಳ ಹೊಸ್ತಿಲಿಗೆ ಬಂದು ನಿಲ್ಲುತ್ತವೆ. ಧಾರಾವಾಹಿಯಲ್ಲಿ ಅದೇ ಸಂಗತಿ ಸವತಿಯ ಕುಟಿಲ, ಮಕ್ಕಳ ಮದುವೆ, ಗಂಡನ ಪಶ್ಚಾತ್ತಾಪಗಳ ವರ್ತುಲದೊಳಗೆ ಸುತ್ತುತ್ತದೆ. ಸಾಕವ್ವನ ಎದುರಿಗಿದ್ದುದು ಹಸಿವು ಮತ್ತು ಪೊಲೀಸು. ಪುಟ್ಟಕ್ಕನ ಎದುರಿಗಿರುವುದು ಬಹುಮಟ್ಟಿಗೆ ಇನ್ನೊಬ್ಬ ಹೆಣ್ಣು. ಸಾಕವ್ವನ ಬಾಯಲ್ಲಿದ್ದ ಶಾಪ ಪುಟ್ಟಕ್ಕನಲ್ಲಿ ಸಹನೆಯಾಗಿದೆ. ಪುಟ್ಮಲ್ಲಿಯ ಚೇಷ್ಟೆ ಉಪದೇಶವಾಗಿದೆ. ಸಿನಿಮಾ ಈ ದನಿಯ ನಗೆಯನ್ನು ಆರಿಸಿಕೊಂಡು ಅಳುವನ್ನು ಬಿಟ್ಟಿತ್ತು. ಕಿರುತೆರೆ ಅಳುವನ್ನು ಆರಿಸಿಕೊಂಡು ನಗೆಯನ್ನು ಬಿಟ್ಟಿದೆ. ಗರತಿಯ ಆದರ್ಶ ಹೀಗೆ ಪೆಟ್ಟಿಗೆಯೊಳಗೆ ಮರಳಿ ಬಂದಿದೆಯೆನ್ನಬಹುದು.

ಆದರೂ ಈ ಮಾತನ್ನು ಕೊನೆಯ ತೀರ್ಪಾಗಿ ನಿಲ್ಲಿಸುವುದು ಅವಸರವಾಗುತ್ತದೆ. ಹೊಸ ಮುಖ, ಚಿಕ್ಕ ವಯಸ್ಸು, ಬಿಳಿ ಮೈಬಣ್ಣಗಳನ್ನೇ ಬೇಡುವ ಉದ್ಯಮದಲ್ಲಿ ದುಡಿದು ತಿನ್ನುವ ವಯಸ್ಸಾದ ಹೆಣ್ಣೊಬ್ಬಳ ಹೆಸರೇ ಧಾರಾವಾಹಿಯ ಶೀರ್ಷಿಕೆಯಾದುದು ಸಣ್ಣ ಸಂಗತಿಯಲ್ಲ. ಗಂಡು ಸಂತಾನವಿಲ್ಲವೆಂದು ಹಳಿಯಲ್ಪಟ್ಟವಳು ತನ್ನ ಹೆಣ್ಣುಮಕ್ಕಳ ಹೆಸರಿನಲ್ಲಿಯೇ ತಲೆಯೆತ್ತುವ ಕಥೆಯನ್ನು ಹಳ್ಳಿಯ ಎಷ್ಟೋ ಮನೆಗಳ ಹೆಂಗಸರು ತಮ್ಮದೆಂದು ನೋಡಿದ್ದಾರೆ. ಪಾತ್ರದ ಬರವಣಿಗೆ ಸಹನೆಯನ್ನಷ್ಟೇ ಕೊಟ್ಟ ಎಡೆಯಲ್ಲಿಯೂ ನಟಿ ಒಂದು ನಿಟ್ಟುಸಿರು, ಒಂದು ವಾರೆನೋಟಗಳಿಂದ ಆ ಸಹನೆಗೆ ಬೆಲೆ ಕಟ್ಟುತ್ತಾರೆ.

6. ಮರಳಿ ರಂಗಕ್ಕೆ

ಕಿರುತೆರೆಯ ಜನಪ್ರಿಯತೆಯ ನಡುವೆಯೇ ಉಮಾಶ್ರೀ ಅವರು ರಂಗಕ್ಕೆ ಹಿಂದಿರುಗಿದ್ದು ಈ ಅಧ್ಯಯನಕ್ಕೆ ಮುಖ್ಯವಾದ ಸಾಕ್ಷ್ಯ. ಬೇಲೂರು ರಘುನಂದನ್ ರಚಿಸಿ ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕವನ್ನು ಅವರು ಹಲವೆಡೆ ಪ್ರದರ್ಶಿಸಿದರು. ರಾಜಪುತ್ರಿಯಾಗಿ ಹುಟ್ಟಿ ದಾಸಿಯಾಗಿ ಬದುಕಬೇಕಾದವಳ ಕಥೆಯನ್ನು ಒಬ್ಬಳೇ ನಿಂತು ಹೇಳುವ ಈ ಪ್ರಯೋಗದಲ್ಲಿ ಕಿರುತೆರೆ ತುಂಡರಿಸಿದ್ದ ಮೈ ಮತ್ತೆ ಇಡಿಯಾಗುತ್ತದೆ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಯಕ್ಷಗಾನದಲ್ಲಿ ಅವರು ಮಂಥರೆಯ ವೇಷ ಧರಿಸಿದರು. ವೃತ್ತಿಮೇಳಗಳ ಸ್ತ್ರೀವೇಷವನ್ನು ಪರಂಪರೆಯಿಂದಲೂ ಪುರುಷ ಕಲಾವಿದರೇ ಕಟ್ಟಿ ಬೆಳೆಸಿದ್ದಾರೆ. ಗಂಡಸರ ಮೈಯಲ್ಲಿ ರೂಪುಗೊಂಡ ಹೆಣ್ಣಿನ ಪಾತ್ರವೊಂದಕ್ಕೆ, ಜೀವನದುದ್ದಕ್ಕೂ ಮುದುಕಿಯರ ಮೈಯನ್ನು ಅಭ್ಯಾಸ ಮಾಡಿದ ನಟಿಯೊಬ್ಬರು ಪ್ರವೇಶಿಸಿದ್ದು ಯಕ್ಷಗಾನದ ದೃಷ್ಟಿಯಿಂದಲೂ ಚರ್ಚೆಗೆ ಅರ್ಹವಾದುದು. ಮಂಥರೆ ಗರತಿಯಲ್ಲ, ಅವಳ ಶಕ್ತಿ ನಾಲಿಗೆಯಲ್ಲಿದೆ. ಧಾರಾವಾಹಿ ಬಿಟ್ಟುಬಿಟ್ಟಿದ್ದ ದನಿಯನ್ನು ರಂಗಸ್ಥಳ ಮರಳಿ ಕೇಳಿಸಿತು.

7. ಸಮಾರೋಪ

ಒಟ್ಟಾರೆಯಾಗಿ ನೋಡುವಾಗ ಉಮಾಶ್ರೀ ಅವರ ಕಲಾಜೀವನ ಪತನ ಮತ್ತು ಪುನರುದ್ಧಾರಗಳ ಕಥೆಯಾಗಿ ಕಾಣುವುದಿಲ್ಲ. ಶಾಪ, ನಗೆ, ಅಳು, ಮೌನಗಳನ್ನು ಒಳಗೊಂಡ ಗ್ರಾಮೀಣ ಹೆಣ್ಣಿನ ದನಿಯೊಂದು ಮಾಧ್ಯಮದಿಂದ ಮಾಧ್ಯಮಕ್ಕೆ ಸಾಗುವಾಗ ಪ್ರತಿಯೊಂದೂ ತನಗೆ ಬೇಕಾದ ಪಾಲನ್ನು ಕತ್ತರಿಸಿಕೊಂಡ ಕಥೆಯಾಗಿ ಕಾಣುತ್ತದೆ. ಆ ಕತ್ತರಿಗಳ ನಡುವೆಯೂ ದನಿಯನ್ನು ಇಡಿಯಾಗಿ ಉಳಿಸಿಕೊಂಡದ್ದು ನಟಿಯ ಸಾಧನೆ.

ಈ ವಿವೇಚನೆಯಿಂದ ಸಂಶೋಧನೆಗೆ ಎರಡು ಹೊಣೆಗಳು ಒದಗುತ್ತವೆ. ಮೊದಲನೆಯದು ದಾಖಲೀಕರಣಕ್ಕೆ ಸಂಬಂಧಿಸಿದುದು. ಹಾಸ್ಯದೃಶ್ಯಗಳು ಚಿತ್ರಗಳಿಂದ ಬೇರ್ಪಟ್ಟು ಇಂದಿಗೂ ಅಂಗೈಯ ಪರದೆಗಳಲ್ಲಿ ಓಡಾಡುತ್ತಿವೆ. ಧಾರಾವಾಹಿಯ ನೂರಾರು ಕಂತುಗಳು ವಾಹಿನಿಯ ಭಂಡಾರದಲ್ಲಿ ಸುರಕ್ಷಿತವಾಗಿವೆ. ‘ಒಡಲಾಳ’ದಂತಹ ರಂಗಪ್ರಯೋಗ ಮಾತ್ರ ಹೆಚ್ಚಾಗಿ ನೋಡಿದವರ ನೆನಪಿನಲ್ಲಿದೆ. ಆ ಪ್ರೇಕ್ಷಕರು, ಸಹನಟರು, ನೇಪಥ್ಯದವರು ಇರುವಾಗಲೇ ಅವರ ಹೇಳಿಕೆಗಳನ್ನು ಮೌಖಿಕ ಚರಿತ್ರೆಯ ಶಿಸ್ತಿನಲ್ಲಿ ಸಂಗ್ರಹಿಸಬೇಕು. ಹಾಗೆ ಮಾಡದಿದ್ದರೆ ಮುಂದಿನ ಅಧ್ಯಯನಕಾರರಿಗೆ ಈ ನಟಿಯ ಎರಡು ಪಾಲು ದೊರೆತು ಬುಡವೇ ಕಾಣೆಯಾಗುತ್ತದೆ. ಎರಡನೆಯದು ನಮ್ಮ ಮೌಲ್ಯಮಾಪನಕ್ಕೆ ಸಂಬಂಧಿಸಿದುದು. ಬೀಗರ ಹಾಡನ್ನು ಬಿಟ್ಟು ಗರತಿಯ ಹಾಡನ್ನು ಮಾತ್ರ ಕೇಳಿದ ಕಿವಿಗೆ ಸಾಕವ್ವನೂ ಪುಟ್ಮಲ್ಲಿಯೂ ಒಂದೇ ಮನೆಯವರೆಂದು ತಿಳಿಯುವುದಿಲ್ಲ. ಹಳ್ಳಿಯ ಹೆಂಗಸರಿಗೆ ಅದು ಎಂದಿನಿಂದಲೂ ತಿಳಿದಿದೆ.